ಎರಡನೇ ಟ್ಯಾಂಕಿನ ಕೆಳಗಿನ ಮಣ್ಣು

ರೋಣದ ಬಸ್ ನಿಲ್ದಾಣದ ಹತ್ತಿರ, ಕೂಲಿಯವರು ನಿಲ್ಲುವ ಮೂಲೆಯಲ್ಲಿ ಯಮನೂರ ಅಂದು ಬೆಳಿಗ್ಗೆ ಒಂಬತ್ತರವರೆಗೂ ನಿಂತಿದ್ದ. ಕಡಲೆ, ಜೋಳದ ರಾಶಿಗಳೆಲ್ಲ ಮುಗಿದು ಹೊಲಗಳಲ್ಲಿ ಕೆಲಸ ಇರಲಿಲ್ಲ. ಅಬ್ಬಿಗೇರಿಯಿಂದ ಮೊದಲ ಬಸ್ಸಿಗೆ ಅವನ ಜೊತೆ ಬಂದಿದ್ದ ಏಳೆಂಟು ಜನರಲ್ಲಿ ಹರೆಯದವರನ್ನೆಲ್ಲ ಗಾರೆ ಕೆಲಸದವರು ಆರಿಸಿಕೊಂಡು ಹೋಗಿದ್ದರು. ನಲವತ್ತೆಂಟು ದಾಟಿದ್ದ ಯಮನೂರನೂ, ಅವನಿಗಿಂತ ಹಿರಿಯರಾದ ಇಬ್ಬರೂ ಉಳಿದಿದ್ದರು. ಇನ್ನು ಊರಿಗೆ ತಿರುಗಿ ಹೋಗುವುದೇ ಸರಿ ಎಂದು ಅವನು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಒಂದು ಜೀಪು ಬಂದು ನಿಂತಿತು.

"ಮಣ್ಣು ಕೊರಿಯೂ ಕೆಲಸ. ಒಬ್ಬರು ಬೇಕು," ಎಂದ ಜೀಪು ನಡೆಸುತ್ತಿದ್ದ ಬಿಳಿ ಗಡ್ಡದವನು. "ತೆಗ್ಗಿನ್ಯಾಗ ಇಳಿಯಾಕ ಅಂಜಬಾರ್ದು. ಬೀಡಿ ಸೇದಬಾರ್ದು."

"ಸೇದೂದಿಲ್ರಿ," ಎಂದು ಯಮನೂರ ಹಿಂದಿನ ಸೀಟಿಗೆ ಹತ್ತಿದ. ಅಲ್ಲಿ ಕಬ್ಬಿಣದ ಸರಳುಗಳು, ಒಂದು ದೊಡ್ಡ ಐಸ್ ಪೆಟ್ಟಿಗೆ, ಗಾಜಿನ ಭರಣಿಗಳನ್ನು ಜೋಡಿಸಿದ ರಟ್ಟಿನ ಡಬ್ಬಿ ಇದ್ದವು. ಮುಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ತಲೆ ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿ ಕೂತಿದ್ದಳು. ಅವಳು ದೇವಿಕಾ ಮೇಡಂ, ಹುಬ್ಬಳ್ಳಿಯ ಲ್ಯಾಬಿನವರು ಎಂದು ಬಿಳಿ ಗಡ್ಡದ ಗೌಸುಸಾಬ ಹೇಳಿದ. ಮೊನ್ನೆ ಗಜೇಂದ್ರಗಡ, ನಿನ್ನೆ ನರಗುಂದ, ಇವತ್ತು ಇಲ್ಲಿ. ಪೆಟ್ರೋಲ್ ಬಂಕುಗಳಲ್ಲಿ ಹಳೆಯ ಟ್ಯಾಂಕು ತೆಗೆದು ಹೊಸದನ್ನು ಹೂಳುವ ಮುಂಚೆ ಕೆಳಗಿನ ಮಣ್ಣು ಕೆಟ್ಟಿದೆಯೇ ಎಂದು ನೋಡುವುದು ಅವರ ಕೆಲಸ.

"ಇಲ್ಲಿ ಯಾವ ಬಂಕ್ರಿ?" ಎಂದು ಯಮನೂರ ಕೇಳುವಷ್ಟರಲ್ಲಿ ಜೀಪು ಗದಗ ರಸ್ತೆಗೆ ಹೊರಳಿತ್ತು. ಆ ರಸ್ತೆಯಲ್ಲಿ ಹಳೆಯ ಬಂಕು ಒಂದೇ. ನನ್ನ ಇಲ್ಲೇ ಇಳಿಸ್ರಿ ಎಂಬ ಮಾತು ಬಾಯಿಗೆ ಬಂತು. ಆದರೆ ಇಳಿದು ಎಲ್ಲಿಗೆ ಹೋಗುವುದು? ಕೂಲಿ ಸಿಗುವ ಹೊತ್ತು ಮೀರಿಹೋಗಿತ್ತು. ಅವನು ಬುತ್ತಿಯ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಅದು ಅಂದಾನೆಪ್ಪನವರ ಬಂಕು. ಅಲ್ಲಿ ಯಮನೂರ ಒಂಬತ್ತು ವರ್ಷ ಕೆಲಸ ಮಾಡಿದ್ದ. ಮೊದಲು ಡೀಸೆಲ್ ಹಾಕುವವನಾಗಿ, ಆಮೇಲೆ ಬೆಳಗಿನ ಅಳತೆಯವನಾಗಿ. ದಿನಾ ಆರು ಗಂಟೆಗೆ ನೆಲದಲ್ಲಿರುವ ಟ್ಯಾಂಕಿನ ಬಾಯಿ ತೆರೆದು, ಉದ್ದನೆಯ ಹಿತ್ತಾಳೆಯ ಅಳತೆಗೋಲು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ, ಚಳಿ ಮುಗಿಯುವ ಹೊತ್ತಿಗೆ, ಎರಡನೇ ಟ್ಯಾಂಕಿನ ಅಳತೆ ಕೂಡಿ ಬರದಾಯಿತು. ಮಾರಿದ್ದಕ್ಕಿಂತ ದಿನಕ್ಕೆ ಹದಿನೈದು, ಇಪ್ಪತ್ತು ಲೀಟರ್ ಹೆಚ್ಚಿಗೆ ಇಳಿದಿರುತ್ತಿತ್ತು. ಅದನ್ನು ಮೊದಲು ಹೋಗಿ ಅಂದಾನೆಪ್ಪನವರಿಗೆ ಹೇಳಿದವನು ಯಮನೂರನೇ. ಪಂಪಿನ ಮೆಕ್ಯಾನಿಕ್ ಬಂದು ನೋಡಿ ಪಂಪು ಚೆನ್ನಾಗಿದೆ ಎಂದ. ಪಂಪು ಚೆನ್ನಾಗಿದ್ದರೆ ಮನುಷ್ಯರಲ್ಲಿ ಯಾರೋ ಕೆಟ್ಟಿರಬೇಕು ಎಂದು ಎಲ್ಲರೂ ತಿಳಿದರು. ಟ್ಯಾಂಕಿನ ಬೀಗದ ಕೈ ಇರುತ್ತಿದ್ದದ್ದು ಅವನ ಸೊಂಟದಲ್ಲಿ.

ಬಸವ ಜಯಂತಿಯ ವಾರದಲ್ಲಿ ಅಂದಾನೆಪ್ಪನವರು ಅವನನ್ನು ವೀರಭದ್ರ ದೇವರ ಗುಡಿಗೆ ಕರೆಸಿದರು. ಆರು ಜನ ಹಿರಿಯರು ಕೂತಿದ್ದರು. "ದೀಪಾ ಮುಟ್ಟಿ ಒಂದು ಮಾತು ಹೇಳು ಯಮನೂರ. ಒಂದು ಹನಿನೂ ತಗೊಂಡಿಲ್ಲ ಅಂತ ಹೇಳಿಬಿಡು. ನಾ ಬಾಯಿ ಮುಚಗೋತೇನಿ," ಎಂದರು.

ಅವನ ಕೈ ಮೇಲೇಳಲಿಲ್ಲ. ಏಕೆಂದರೆ ಅವನು ಹನಿ ತೆಗೆದುಕೊಂಡಿದ್ದ. ಶನಿವಾರ ಶನಿವಾರ, ಕೊಳವೆಯಲ್ಲಿ ಉಳಿದ ಡೀಸೆಲನ್ನು ನೀರಿನ ಬಾಟಲಿಯೊಂದಕ್ಕೆ ಬಸಿದುಕೊಂಡು ಶಿರೋಳದಲ್ಲಿರುವ ಹೆಂಡತಿಯ ತಮ್ಮನಿಗೆ ಕೊಡುತ್ತಿದ್ದ. ಆತನಿಗೆ ಹಳ್ಳದಿಂದ ನೀರೆತ್ತುವ ಒಂದು ಹಳೆಯ ಇಂಜಿನ್ನಿತ್ತು. ಒಂದು ಬಾಟಲಿ ಎಂದರೆ ಒಂದು ಲೀಟರ್. ಎಲ್ಲ ಸೇರಿದರೂ ಐವತ್ತು ಅರವತ್ತು ಲೀಟರ್ ದಾಟಿರಲಿಕ್ಕಿಲ್ಲ. ಹೋದದ್ದು ಸಾವಿರದ ಮೇಲೆ. ಆದರೆ ದೇವರ ಮುಂದೆ ಒಂದು ಹನಿಯೂ ಇಲ್ಲ ಎನ್ನಬೇಕಿತ್ತು, ಅವನಿಗೆ ಅದು ಆಗಲಿಲ್ಲ. ತಲೆ ತಗ್ಗಿಸಿ ನಿಂತ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಅಂದಿಗೆ ಕೆಲಸ ಹೋಯಿತು, ಅವನು ತುಡುಗ, ಕಳ್ಳ ಎನಿಸಿಕೊಂಡ. ನರಗುಂದದ ಬಂಕಿಗೆ ಹೋದ, ಗಜೇಂದ್ರಗಡದ ಬಂಕಿಗೆ ಹೋದ. ಎಲ್ಲರೂ ಫೋನು ಮಾಡಿ ಕೇಳಿ, ಆಮೇಲೆ ನೋಡೋಣ ಎಂದರು. ಕೊನೆಗೆ ಕೂಲಿಯವರ ಮೂಲೆಗೆ ಬಂದು ನಿಂತ.

ಜೀಪು ನಿಂತಾಗ ಯಮನೂರ ಟವೆಲನ್ನು ತಲೆಗೆ ಸುತ್ತಿ ಹಣೆಯವರೆಗೆ ಎಳೆದುಕೊಂಡ. ಬಂಕಿನ ಮುಂಭಾಗಕ್ಕೆ ಹಗ್ಗ ಕಟ್ಟಿದ್ದರು. ನಿನ್ನೆ ಕ್ರೇನಿನಿಂದ ಎತ್ತಿದ ಮೂರು ಟ್ಯಾಂಕುಗಳು ಅಂಗಳದಲ್ಲಿ ಮಲಗಿದ್ದವು. ನೆಲದೊಳಗೆ ಇದ್ದಾಗ ಅವನು ಅವುಗಳ ಬಾಯಿಯನ್ನಷ್ಟೇ ನೋಡಿದ್ದ. ಹೊರಗೆ ಬಂದ ಮೇಲೆ ಅವು ಇಷ್ಟು ದೊಡ್ಡವು ಎಂದು ಗೊತ್ತಾಯಿತು. ಹಿಂದೆ ಮನೆಯಷ್ಟು ಅಗಲದ ತೆಗ್ಗು, ಎರಡಾಳು ಆಳ. ಜೆಸಿಬಿಯವರು ಒಂದು ಬದಿಗೆ ಇಳಿಜಾರು ಮಾಡಿಕೊಟ್ಟಿದ್ದರು. ಬಂಕಿನ ಕೋಣೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಂದಾನೆಪ್ಪನವರು ಕೂತಿದ್ದರು. ಬಿಳಿ ಧೋತರ, ಟೋಪಿ ಹಾಗೇ ಇದ್ದವು. ಮನುಷ್ಯ ಮಾತ್ರ ಬಹಳ ಇಳಿದುಹೋಗಿದ್ದರು. ಅವರು ಯಮನೂರನನ್ನು ನೋಡಿದರು. ಗುರುತು ಹತ್ತಿತು ಎಂದು ಅವನಿಗೆ ತಿಳಿಯಿತು. 

ದೇವಿಕಾ ಜೀಪಿನಿಂದ ಇಳಿದು ಸೊಂಟಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈಯಲ್ಲಿ ಹಿಡಿಯುವ ಒಂದು ಹಳದಿ ಮೀಟರನ್ನು ಹಗ್ಗಕ್ಕೆ ಕಟ್ಟಿ ತೆಗ್ಗಿಗೆ ಬಿಟ್ಟು, ಕೆಳಗೆ ಕೆಟ್ಟ ಗಾಳಿ ಇಲ್ಲ, ಇಳಿಯಬಹುದು ಎಂದು ಖಾತ್ರಿ ಮಾಡಿಕೊಂಡಳು. ಯಮನೂರನಿಗೆ ಕೈಗವಸು, ಬೂಟು ಕೊಟ್ಟಳು. ಕಿಡಿ ಹಾರಬಾರದೆಂದು ಅವನ ಮೊಬೈಲು ಇಸಿದುಕೊಂಡು ಜೀಪಿನಲ್ಲಿಟ್ಟಳು.

"ನೋಡ್ರಿ, ಪ್ರತಿ ಟ್ಯಾಂಕಿನ ಜಾಗಾದಾಗ ಎರಡು ಕಡೆ ಕೊರೀಬೇಕು. ಮ್ಯಾಲಿನ ಮರಳು ಬ್ಯಾಡ. ಅದರ ಕೆಳಗಿನ ಮಣ್ಣು ಬೇಕು. ಒಂದು ಸಲ ಕೊರದ ಮ್ಯಾಲ ಸರಳು ಸಾಬೂನಿನ ನೀರಾಗ ತೊಳದು, ಮತ್ತ ಚಲೋ ನೀರಾಗ ತೊಳದು, ಆಮ್ಯಾಲ ಇನ್ನೊಂದು ಕಡೆ. ತೊಳೀಲಾರ್ದ ಹಚ್ಚಿದ್ರ ಅಲ್ಲಿ ಹೊಲಸು ಇಲ್ಲಿಗೆ ಬರತೈತಿ. ತಿಳೀತಿಲ್ಲ?"

"ತಿಳೀತ್ರಿ."

"ಸಾವಕಾಶ ಮಾಡ್ರಿ. ಯಾರೂ ಬೆನ್ನತ್ತಿಲ್ಲ."

ಕೊರೆಯುವ ಸರಳು ಯಮನೂರನ ಎದೆಯೆತ್ತರ ಇತ್ತು. ಕೆಳಗೆ ಉಗುರಿನಂಥ ಬಾಯಿ, ಮೇಲೆ ಅಡ್ಡ ಹಿಡಿಕೆ. ತಿರುವುತ್ತಾ ಒತ್ತಿದರೆ ಮಣ್ಣು ಬಾಯೊಳಗೆ ತುಂಬಿಕೊಳ್ಳುತ್ತದೆ. ಎಳೆದು ತಟ್ಟಿ ಮಣ್ಣನ್ನು ತಗಡಿನ ಮೇಲೆ ಹಾಕಿದರೆ ದೇವಿಕಾ ಮೀಟರ್ ಹಿಡಿದು ನೋಡಿ, ಗಾಜಿನ ಭರಣಿಗೆ ಒಂದಿಷ್ಟೂ ಗಾಳಿಯಿರದಂತೆ ಒತ್ತಿ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸುತ್ತಿದ್ದಳು. ಗೌಸುಸಾಬ ಅದನ್ನು ಐಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಮಾರ್ಚಿ ತಿಂಗಳ ಬಿಸಿಲು ತೆಗ್ಗಿನೊಳಗೆ ನೇರ ಬೀಳುತ್ತಿತ್ತು. ಎರೆಮಣ್ಣು ಸರಳಿನ ಬಾಯಿ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಎಳೆಯುವುದಕ್ಕೆ ಕೊರೆದದ್ದಕ್ಕಿಂತ ಹೆಚ್ಚು ಬಲ ಬೇಕಾಗುತ್ತಿತ್ತು. ಮೊದಲ ಟ್ಯಾಂಕಿನ ಎರಡು ಕುಳಿ ಮುಗಿಯುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಇದು ಸುದ್ದ ಐತಿ," ಎಂದಳು ದೇವಿಕಾ, ಮೀಟರ್ ನೋಡಿ. ಆ ಮಾತಿನಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಎರಡನೇ ಟ್ಯಾಂಕಿನ ಜಾಗಕ್ಕೆ ಬಂದಾಗ ಯಮನೂರ ಸ್ವಲ್ಪ ಹೊತ್ತು ನಿಂತ. ಮರಳು ಅಲ್ಲಿ ಬೇರೆ ಬಣ್ಣದಲ್ಲಿತ್ತು. ಬೂದಿಗೆ ಎಣ್ಣೆ ಕಲಸಿದಂತೆ. ಅದನ್ನು ಸರಿಸಿ ಸರಳು ಊರಿ ತಿರುವಿದ. ಮೊಳದುದ್ದ ಇಳಿದ ಮೇಲೆ ಎಳೆದ. ಎಳೆಯುವಾಗಲೇ ವಾಸನೆ ಬಂತು. ಒಂಬತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ಟ್ಯಾಂಕಿನ ಬಾಯಿ ತೆರೆದಾಗ ಮುಖಕ್ಕೆ ಬಡಿಯುತ್ತಿದ್ದ ವಾಸನೆಯೇ, ಆದರೆ ಹಳತಾದದ್ದು, ಮಣ್ಣಿನೊಳಗೆ ಕೊಳೆತದ್ದು. ಮಣ್ಣು ಕಪ್ಪಾಗಿ ಮಿರಿಮಿರಿ ಮಿಂಚುತ್ತಿತ್ತು. ದೇವಿಕಾ ಮೀಟರ್ ಹತ್ತಿರ ತಂದಳು. ಅದರೊಳಗಿನ ಅಂಕಿಗಳು ನಿಲ್ಲದೆ ಏರತೊಡಗಿದವು. ಅದು ಕೀಂಯ್ ಎಂದು ಕೂಗಿತು.

"ಇನ್ನೂ ಒಂದು ಮೊಳ ಇಳಸ್ರಿ."

ಇಳಿಸಿದ. ಅಲ್ಲಿಯೂ ಹಾಗೇ. ಇನ್ನೊಂದು ತುದಿಗೆ ಹೋದರೆ ಅಲ್ಲಿ ಅದಕ್ಕಿಂತ ಹೆಚ್ಚು. ಕೊರೆದ ಕುಳಿಯ ತಳದಲ್ಲಿ ಒಂದು ಬೊಗಸೆಯಷ್ಟು ಕಂದು ಬಣ್ಣದ ಎಣ್ಣೆ ಬಸಿದು ನಿಂತಿತು. ಯಮನೂರ ಅದನ್ನು ಬಗ್ಗಿ ನೋಡುತ್ತಾ ನಿಂತುಬಿಟ್ಟ. ಇದಕ್ಕೇ ತಾನೆ ಅವನನ್ನು ಗುಡಿಗೆ ಕರೆದದ್ದು.

ದೇವಿಕಾ ಇಳಿಜಾರು ಹತ್ತಿ ಮೇಲೆ ಹೋಗಿ ಫಾರಂ ತೆಗೆದಳು. ಅಂದಾನೆಪ್ಪನವರು ತೆಗ್ಗಿನ ಅಂಚಿಗೆ ಬಂದಿದ್ದರು.

"ಸಾಹುಕಾರ್ರ, ಈ ನಡುವಿನ ಟ್ಯಾಂಕಿನ್ಯಾಗ ಏನ ಇರತಿತ್ರಿ?"

"ಡೀಸೆಲ್."

"ಮೊನ್ನೆ ತನಕಾ ನಡೀತಿತ್ತೇನು?"

"ಇಲ್ಲ. ಬಂದ್ ಇಟ್ಟಿದ್ವಿ."

"ಯಾವಾಗಿಂದ್ರಿ? ಬರೀಬೇಕಿಲ್ಲಿ."

"ನಾಕ್ ವರ್ಷಾತು. ಶ್ರಾವಣದಾಗ ಬಂದ್ ಮಾಡಿದೆ."

"ಯಾಕ್ರಿ?"

"ಹಿಂಗ... ವ್ಯಾಪಾರ ಕಡಿಮಿ ಇತ್ತು."

ದೇವಿಕಾ ಬರೆದುಕೊಳ್ಳುತ್ತಿದ್ದಳು. ಕೆಳಗೆ ನಿಂತ ಯಮನೂರ ಬೆರಳು ಮಡಚಿ ತಿಂಗಳು ಎಣಿಸಿದ. ಒಮ್ಮೆ ಎಣಿಸಿ, ತಪ್ಪಿತೇನೋ ಎಂದು ಮತ್ತೊಮ್ಮೆ ಎಣಿಸಿದ. ಆಮೇಲೆ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದ.

"ಸಾಹುಕಾರ್ರ," ಎಂದು ಕರೆದ. ನಾಲ್ಕು ವರ್ಷದ ಮೇಲೆ ಅವರಿಗೆ ಆಡಿದ ಮೊದಲ ಮಾತು ಅದು. "ನನ್ನ ಬಿಡಿಸಿದ್ದು ಬಸವ ಜಯಂತಿ ವಾರದಾಗ. ಶ್ರಾವಣಕ್ಕ ಮೂರು ತಿಂಗಳ ಮ್ಯಾಲ ಆಕ್ಕೈತಿ. ಆ ಮೂರು ತಿಂಗಳು ಟ್ಯಾಂಕಿನ ಅಳತಿ ಯಾರು ಮಾಡತಿದ್ರಿ?"

ಅಂದಾನೆಪ್ಪನವರು ಕನ್ನಡಕ ತೆಗೆದರು. "ನಾನ ಮಾಡತಿದ್ದೆ."

"ಬೀಗದ ಕೈ?"

"ನನ್ನ ಹತ್ರನ."

"ಅಳತಿ ಕೂಡತಿತ್ತೇನ್ರಿ?"

ರಸ್ತೆಯಲ್ಲಿ ಒಂದು ಬಸ್ಸು ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಅಂದಾನೆಪ್ಪನವರು ಕನ್ನಡಕ ಒರೆಸುತ್ತಲೇ ಇದ್ದರು.

"ಇಲ್ಲ," ಎಂದರು. "ಕೂಡತಿರಲಿಲ್ಲ."

"ನಾ ಮನ್ಯಾಗ ಕುಂತಾಗನೂ ಕಡಿಮಿ ಬೀಳತಿತ್ತು."

"ಹೂಂ."

ಇಂಥ ಒಂದು ದಿನ ಬಂದರೆ ಏನೇನು ಹೇಳಬೇಕು ಎಂದು ಯಮನೂರ ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಕೂಗಾಡಬೇಕು, ಊರು ಕೂಡಿಸಬೇಕು. ಆದರೆ ಈಗ ತೋಳುಗಳು ಕಲ್ಲು ಕಟ್ಟಿದಷ್ಟು ಭಾರವಾಗಿದ್ದವು. ಸರಳು ತೊಳೆಯಲು ಸಾಬೂನಿನ ಬಕೆಟ್ಟಿನ ಕಡೆಗೆ ನಡೆದ. ಮೂರನೇ ಟ್ಯಾಂಕಿನ ಜಾಗ ಇನ್ನೂ ಉಳಿದಿತ್ತು. ಅಂದಾನೆಪ್ಪನವರು ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಊಟದ ಹೊತ್ತಿಗೆ ಮೂವರೂ ರಸ್ತೆಯಾಚೆಯ ಮೈಮುನಬಿಯ ಅಂಗಡಿಗೆ ಹೋದರು. ಅಂಗಡಿಯೆಂದರೆ ನಾಲ್ಕು ತಗಡು, ಒಂದು ಒಲೆ, ಎರಡು ಬೆಂಚು. ಮಿರ್ಚಿ, ಗಿರಮಿಟ್ಟು, ಚಹಾ. ಬಂಕಿನಲ್ಲಿದ್ದಾಗ ಯಮನೂರ ದಿನಾ ಅಲ್ಲಿ ಚಹಾ ಕುಡಿಯುತ್ತಿದ್ದ. ಆಕೆ ಅವನನ್ನು ನೋಡಿದವಳೇ ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಾ ಕೆಳಗಿಟ್ಟಳು.

"ಯಮನೂರಣ್ಣಾ, ಎಷ್ಟ ಸೊರಗೀಯಪ್ಪಾ! ಇಲ್ಲಿ ಹ್ಯಾಂಗ ಬಂದಿ?"

"ಮಣ್ಣು ಕೊರಿಯಾಕ ಬಂದೇನಿ ಅಕ್ಕಾ."

"ಏನ ಸಿಕ್ತು?"

"ಡೀಸೆಲ್ ಸಿಕ್ತು."

ಮೈಮುನಬಿ ಅವನನ್ನೂ ದೇವಿಕಾಳನ್ನೂ ನೋಡಿದಳು. ಆಮೇಲೆ ಅಂಗಡಿಯ ಹಿಂದಿನ ಬೋರಿನ ಕಡೆಗೆ ಕೈ ಮಾಡಿದಳು. ಎರಡು ವರ್ಷದಿಂದ ಅದರ ನೀರು ಬಾಯಿಗೆ ಹಾಕುವಂತಿಲ್ಲ, ಪಾತ್ರೆ ತೊಳೆದರೂ ಎಣ್ಣೆ ತೇಲಿದಂತೆ ಬಣ್ಣ ಬಣ್ಣ ಕಾಣುತ್ತದೆ ಎಂದಳು. ಚಹಾಕ್ಕೆ ಕೊಡ ಹೊತ್ತು ಓಣಿಯ ನಳದಿಂದ ತರುತ್ತಿದ್ದಳಂತೆ. "ನಾ ಹೇಳಿದ್ರ ಯಾರ ಕೇಳತಾರ? ನಿನ್ನ ಮಿರ್ಚಿ ಎಣ್ಣಿ ಇರಬೇಕು ಅಂದು ನಕ್ಕರು."

ದೇವಿಕಾಳ ತಾಟಿನಲ್ಲಿ ಗಿರಮಿಟ್ಟು ಅರ್ಧ ಉಳಿದಿತ್ತು. ಅವಳು ಉಸಿರು ಬಿಟ್ಟು ಎದ್ದಳು. "ಗೌಸುಸಾಬ, ಖಾಲಿ ಬಾಟ್ಲಿ ಎರಡು ತಗೊಂಡ ಬಾ, ಈ ಬೋರಿನ ನೀರೂ ಹಿಡಕೊಂಡು ಹೋಗೂಣು. ಇವತ್ತ ಲಗೂ ಮುಗೀತದ ಅಂದಕೊಂಡಿದ್ದೆ."

ಕೆಲಸ ಮುಗಿದಾಗ ನಾಲ್ಕೂವರೆ. ಗೌಸುಸಾಬ ಸಾಮಾನು ಏರಿಸುತ್ತಿದ್ದ. ಜೀಪಿನ ನೆರಳಿನಲ್ಲಿ ಕೂತು ದೇವಿಕಾ ಫಾರಂ ತುಂಬುತ್ತಿದ್ದಳು. ಯಮನೂರ ಹತ್ತಿರ ಬಂದು ನಿಂತ. ಬೂಟು ಕಳಚಿ ಕೊಟ್ಟ ಮೇಲೂ ಹೋಗಲಿಲ್ಲ.

"ಮೇಡಂರಿ, ಒಂದು ಚೀಟಿ ಬರದ ಕೊಡತೀರೇನ್ರಿ? ಡೀಸೆಲ್ ಮಣ್ಣಿಗೆ ಹೋಗೈತಿ, ಯಮನೂರ ಕದ್ದಿಲ್ಲ ಅಂತ."

ತೆಗ್ಗಿನಲ್ಲಿ ನಡೆದ ಮಾತು ಅವಳೂ ಕೇಳಿದ್ದಳು. "ಅದು ಬರಿಯಾಕ ಬರೂದಿಲ್ರಿ," ಎಂದಳು. "ನಾ ಬರಿಯೂದು ಮಣ್ಣಿನ ಬಗ್ಗೆ ಅಷ್ಟ. ಅದೂ ಲ್ಯಾಬಿನ್ಯಾಗ ನೋಡಿದ ಮ್ಯಾಲ, ಹತ್ತು ಹನ್ನೆರಡು ದಿನಕ್ಕ. ರಿಪೋರ್ಟು ಕಂಪನಿಗೆ ಹೋಗತೈತಿ, ಒಂದು ಪ್ರತಿ ಸಾಹುಕಾರ್ರಿಗೆ. ನಿಮಗ ಕೊಟ್ರ ನನ್ನ ನೌಕರಿ ಹೊಕ್ಕೈತಿ."

"ಹೌದನ್ರಿ," ಎಂದ ಯಮನೂರ. ಮತ್ತೆ ಅವನೇ ಹೇಳಿದ: "ಅದರಾಗ ನಾ ಪೂರಾ ಕದ್ದಿಲ್ಲ ಅಂತನೂ ಅಲ್ರಿ. ವಾರಕ್ಕೊಂದು ಬಾಟ್ಲಿ ಒಯ್ಯತಿದ್ದೆ. ಒಂದು ವರ್ಷ ಒಯ್ದಿರಬೇಕು. ಅದಕ್ಕ ಆಣಿ ಮಾಡಾಕ ಆಗಲಿಲ್ಲ."

ಮನೆಯ ಹೊರಗೆ ಯಾರಿಗೂ ಹೇಳದ ಮಾತನ್ನು ಗುರುತಿಲ್ಲದ ಹೆಣ್ಣುಮಗಳಿಗೆ ಏಕೆ ಹೇಳಿದೆ ಎಂದು ಅವನಿಗೇ ಸೋಜಿಗವಾಯಿತು. ದೇವಿಕಾ ಪೆನ್ನು ಕೆಳಗಿಟ್ಟಳು.

"ಇಪ್ಪತ್ತೆರಡು ವರ್ಷ ಆತು ನಾ ಈ ಕೆಲಸಕ್ಕ ಹತ್ತಿ," ಎಂದಳು. "ಮೊದಮೊದಲ ಸುದ್ದ ಮಣ್ಣು ಸಿಕ್ರ ಖುಷಿ ಆಗತಿತ್ತು, ಕೆಟ್ಟ ಮಣ್ಣು ಸಿಕ್ರ ನಿದ್ದಿ ಬರತಿರಲಿಲ್ಲ. ಈಗ ಎರಡೂ ಒಂದ. ಭರಣಿ ತುಂಬೂದು, ಚೀಟಿ ಹಚ್ಚೂದು. ಇವತ್ತ ನೋಡ್ರಿ, ಆ ಮೀಟರ್ ಏರಿದ್ದು ಒಬ್ಬರಿಗೆ ಉಪಯೋಗ ಆತಲ್ಲ ಅನಿಸ್ತು."

ಅವಳು ಫಾರಂ ಅವನ ಕಡೆಗೆ ತಿರುಗಿಸಿದಳು. ಕೊನೆಯಲ್ಲಿ 'ಮಣ್ಣು ತೆಗೆದವರು' ಎಂಬ ಸಾಲಿತ್ತು. ಅಲ್ಲಿ ಯಾವಾಗಲೂ ಗೌಸುಸಾಬನ ಹೆಸರು ಬರೆಯುತ್ತಿದ್ದಳಂತೆ. "ಖರೇ ತಗದಾವ್ರು ನೀವು. ನಿಮ್ಮ ಹೆಸರು ಬರೀತೇನಿ. ರಿಪೋರ್ಟಿಗೆ ಈ ಹಾಳಿನೂ ಹಚ್ಚತಾರ. ಸಾಹುಕಾರ್ರ ಕೈಗೂ ಬರತೈತಿ."

ಯಮನೂರ ಅಂಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಬಂಕಿನ ಅಳತೆ ಪುಸ್ತಕದಲ್ಲಿ ದಿನಾ ಮಾಡುತ್ತಿದ್ದ ಸಹಿ, ಕೈ ಮರೆತಿರಲಿಲ್ಲ.

ಅವನು ರಸ್ತೆಗೆ ಬಂದಾಗ ಅಂದಾನೆಪ್ಪನವರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಯಮನೂರ, ಒಳಗ ಬಾ. ಮಾತಾಡೂಣು."

"ಒಳಗ ಬ್ಯಾಡ್ರಿ ಸಾಹುಕಾರ್ರ. ಗುಡಿಯಾಗ ಅಂದದ್ದು ಗುಡಿಯಾಗ ಹೇಳ್ರಿ. ಅವರೆಲ್ಲಾರ ಮುಂದ."

ಮುದುಕರು ಅವನ ಮುಖ ನೋಡಿದರು. "ರಿಪೋರ್ಟು ಬರಲಿ. ಹೇಳತೇನಿ," ಎಂದರು.

ಹದಿಮೂರು ದಿನ ಕಳೆದವು. ಅಷ್ಟೂ ದಿನ ಯಮನೂರ ಎಂದಿನಂತೆ ಮೊದಲ ಬಸ್ಸಿಗೆ ರೋಣಕ್ಕೆ ಬಂದು ಮೂಲೆಯಲ್ಲಿ ನಿಂತ. ಎರಡು ದಿನ ಮಾರುಕಟ್ಟೆಯಲ್ಲಿ ಕಡಲೆ ಚೀಲ ಹೊತ್ತ, ಒಂದು ದಿನ ಗಟಾರ ತೆಗೆದ, ಉಳಿದ ದಿನ ಖಾಲಿ. ರಿಪೋರ್ಟು ಬಂದರೂ ಅವರು ಹೇಳಲಿಕ್ಕಿಲ್ಲ ಎಂದು ಒಂದು ದಿನ ಅನಿಸುತ್ತಿತ್ತು. ಹೇಳಿದರೆ ಏನಾಗುತ್ತದೆ ಎಂದು ಇನ್ನೊಂದು ದಿನ. ಹದಿನಾಲ್ಕನೇ ದಿನ, ಸೋಮವಾರ, ಅಂದಾನೆಪ್ಪನವರು ತಾವೇ ಆ ಮೂಲೆಗೆ ನಡೆದು ಬಂದರು. ಕಂಕುಳಲ್ಲಿ ಒಂದು ಲಕೋಟೆ ಇತ್ತು. "ನಡಿ," ಎಂದರು ಅಷ್ಟೆ.

ಗುಡಿಯ ಕಟ್ಟೆಗೆ ಹೋದಾಗ ಯಮನೂರನಿಗೆ ಕಂಡದ್ದು ಇಬ್ಬರೇ ಹಿರಿಯರು. ಅಂದಿನ ಆರು ಜನರಲ್ಲಿ ಮೂವರು ತೀರಿಹೋಗಿದ್ದರು. ಒಬ್ಬರು ಮಗಳ ಮನೆಗೆಂದು ನರಗುಂದಕ್ಕೆ ಹೋದವರು ಹಾಸಿಗೆ ಹಿಡಿದಿದ್ದರು. ಉಳಿದವರು ಕಿವಿ ಮಂದವಾದ ಹೇಮಪ್ಪನವರು ಮತ್ತು ಹತ್ತಿ ವ್ಯಾಪಾರದ ಹನುಮಪ್ಪನವರು. ಪೂಜಾರಿ ಬಾಗಿಲಲ್ಲಿ ನಿಂತಿದ್ದ.

ಅಂದಾನೆಪ್ಪನವರು ಕೂರಲಿಲ್ಲ. ಲಕೋಟೆಯಿಂದ ಕಾಗದ ತೆಗೆದು, ಓದದೆ, ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. ಎರಡನೇ ಟ್ಯಾಂಕಿನ ತಳ ತುಕ್ಕು ತಿಂದು ತೂತು ಬಿದ್ದಿತ್ತು. ಡೀಸೆಲ್ ಎಲ್ಲ ನೆಲಕ್ಕೆ ಇಳಿದಿತ್ತು. ಯಮನೂರ ಬಿಟ್ಟು ಹೋದ ಮೇಲೆಯೂ ಕಡಿಮೆ ಬೀಳುತ್ತಲೇ ಇತ್ತು. ಅದು ತಮಗೆ ತಿಳಿದಿತ್ತು. "ಕಂಪನಿಗೆ ಹೇಳಿದ್ರ ಬಂಕು ಮುಚ್ಚಸ್ತಿದ್ರು. ನಿಮಗ ಹೇಳಿದ್ರ ನನ್ನ ಮಾರಿ ಎಲ್ಲಿ ಇಟ್ಟಗೊಳ್ಳಲಿ? ಇವತ್ತ ಹೇಳೂಣು, ನಾಳೆ ಹೇಳೂಣು ಅಂತ ನಾಕ್ ವರ್ಷ ಹೋದ್ವು. ಇವನ ಮ್ಯಾಲ ಹಾಕಿದ್ದು ತಪ್ಪು. ತುಡುಗ ಇವನಲ್ಲ." ಕಾಗದ ಮಡಚಿ ಮತ್ತೆ ಲಕೋಟೆಗೆ ಹಾಕಿದರು.

"ಯಾವ ಯಮನೂರ?" ಎಂದು ಹೇಮಪ್ಪನವರು ಕಿವಿಗೆ ಕೈ ಹಚ್ಚಿ ಕೇಳಿದರು.

ಹನುಮಪ್ಪನವರು ಜೋರಾಗಿ ತಿಳಿಸಿ ಹೇಳಿದರು. ಹೇಮಪ್ಪನವರಿಗೆ ಪೂರ್ತಿ ನೆನಪಾಗಲಿಲ್ಲ. "ಭಾಳ ದಿನದ ಮಾತು ಬಿಡ್ರಿ. ಆತಲ್ಲ, ಒಳ್ಳೇದಾತು," ಎಂದರು. ಹನುಮಪ್ಪನವರೂ ತಲೆಯಾಡಿಸಿದರು. ಅವರ ಫೋನು ಎರಡು ಸಲ ಬಡಿದುಕೊಂಡಿತು. ಮಾರುಕಟ್ಟೆಗೆ ಹತ್ತಿ ಗಾಡಿ ಬಂದಿತ್ತು.

ನಾಲ್ಕು ವರ್ಷ ಇವರ ಕಣ್ಣು ತಪ್ಪಿಸಿ ಅಡ್ಡ ಓಣಿ ಹಿಡಿದು ನಡೆದದ್ದನ್ನು ಯಮನೂರ ನೆನೆದ. ಇವರಿಗೆ ಅದು ನೆನಪೇ ಇರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. ಅಷ್ಟಕ್ಕೇ ಕೈಮುಗಿದು ಹೊರಡಬಹುದಿತ್ತು, ಆದರೆ ಅವನು ಹೊರಡಲಿಲ್ಲ.

"ನಂದೂ ಒಂದು ಮಾತೈತ್ರಿ," ಎಂದ. "ಅವತ್ತ ದೀಪಾ ಮುಟ್ಟಲಿಲ್ಲ ಯಾಕಂದ್ರ, ವಾರಕ್ಕೊಂದು ಬಾಟ್ಲಿ ಡೀಸೆಲ್ ನಾ ಒಯ್ಯತಿದ್ದೆ. ನನ್ನ ಹೆಂಡತಿ ತಮ್ಮಗ ಕೊಡತಿದ್ದೆ. ಅಷ್ಟ ನಾ ತಗೊಂಡದ್ದು."

ಅಂದಾನೆಪ್ಪನವರು ಮೆಲ್ಲಗೆ ಹೇಳಿದರು: "ಗೊತ್ತಿತ್ತು ನನಗ. ಒಂದಿನ ನಿನ್ನ ಚೀಲದಾಗ ಬಾಟ್ಲಿ ನೋಡಿದ್ದೆ. ಅದಕ್ಕ ಉಳಿದದ್ದೂ ನೀನ ಅಂತ ತಿಳಕೊಂಡೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.  ಪೂಜಾರಿ ಇಬ್ಬರಿಗೂ ವಿಭೂತಿ ಕೊಟ್ಟ.

ಕಟ್ಟೆ ಇಳಿಯುತ್ತಾ ಅಂದಾನೆಪ್ಪನವರು ಹೇಳಿದರು: "ಹೊಸ ಟ್ಯಾಂಕು ಕೂಡಸಿದ ಮ್ಯಾಲ ತಿರುಗಿ ಬಾ. ಅಳತಿ ಈಗ ಮಶೀನ ಮಾಡತೈತಿ. ಆದ್ರೂ ಒಬ್ಬರು ನೋಡಾವ್ರು ಬೇಕು. ಮೈಮುನಬಿಗೆ ನಳಾ ಹಾಕಿಸಿಕೊಡಾಕ ಹೇಳೇನಿ. ಆಕಿ ಬೋರ್ ನೀರಿಗೂ ಡೀಸೆಲ್ ಇಳದೈತಿ ಅಂತ ರಿಪೋರ್ಟು ಬಂದೈತಿ."

"ಟ್ಯಾಂಕಿನ ಕೆಳಗಿನ ಮಣ್ಣು?"

"ಎಲ್ಲಾ ತಗದು ಒಯ್ಯಬೇಕಂತ. ಇನ್ನೂ ಎರಡು ಆಳು ಆಳ. ಮಶೀನ್ ತಗೀತೈತಿ. ಮೂಲಿ ಮುಡುಕಿಗೆ ಜನಾ ಬೇಕು. ನಾಳಿಂದ ಹದಿನೈದು ದಿನದ ಕೆಲಸ."

ಯಮನೂರ ಯೋಚಿಸಿದ. "ಮಣ್ಣು ತಗಿಯಾಕ ಬರತೇನ್ರಿ," ಎಂದ. "ಬಂಕಿನ್ಯಾಗ ನಿಂದ್ರೂದು ಬ್ಯಾಡ್ರಿ ಸಾಹುಕಾರ್ರ. ಅದು ಮುಗೀತು."

ಅಂದಾನೆಪ್ಪನವರು ಒತ್ತಾಯ ಮಾಡಲಿಲ್ಲ. ಲಕೋಟೆಯಿಂದ ಒಂದು ಹಾಳೆ ತೆಗೆದು ಕೊಟ್ಟರು. ಅದರಲ್ಲಿ ಅವನ ಸಹಿಯಿತ್ತು. ಅಂಗಡಿಯಲ್ಲಿ ಅದರ ಝೆರಾಕ್ಸ್ ಮಾಡಿಸಿ ತಂದಿದ್ದರು.

ಸಂಜೆಯ ಬಸ್ಸಿಗೆ ಅಬ್ಬಿಗೇರಿಗೆ ಬಂದಾಗ ಹೆಂಡತಿ ಸಿದ್ದವ್ವ ಅಂಗಳದಲ್ಲಿ ಕೂತು ಅಕ್ಕಡಿ ಬೆಳೆಯ ಕಾಳು ಹಸನು ಮಾಡುತ್ತಿದ್ದಳು. ಅವನು ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಮೊರ ನಿಲ್ಲಿಸದೆ ಕೇಳಿದಳು. ಈ ನಾಲ್ಕು ವರ್ಷ ಅವಳೂ ಓಣಿಯ ಮದುವೆ ಮುಂಜಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಉಂಡು ಎದ್ದು ಬಂದವಳು.

"ಬಾಟ್ಲಿ ಮಾತೂ ಹೇಳಿದ್ರೇನು?"

"ಹೇಳಿದೆ."

"ಚಲೋ ಆತು," ಎಂದು ಕಾಳಿನಲ್ಲಿದ್ದ ಒಂದು ಕಲ್ಲು ತೆಗೆದು ಎಸೆದಳು. ಆಮೇಲೆ ಕೇಳಿದಳು: "ಕಣ್ಣಾಗ ನೀರು ಬಂತೇನು ಅಲ್ಲಿ?"

"ಇಲ್ಲ," ಎಂದ ಯಮನೂರ. "ನಿದ್ದಿ ಬಂದಂಗಾತು."

ಸಿದ್ದವ್ವ ಮೊರ ಕೆಳಗಿಟ್ಟು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಮೂರನೆಯ ರೊಟ್ಟಿ ಹಂಚಿನ ಮೇಲೆ ಬೀಳುವಷ್ಟರಲ್ಲಿ ಅವನು ಕಟ್ಟೆಯ ಮೇಲೆಯೇ, ಗೋಡೆಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಅವಳು ಹೊರಗೆ ಬಂದು ನೋಡಿ ಎಬ್ಬಿಸಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಮಣ್ಣು ತೆಗೆಯಲು ಹೋಗಬೇಕಿತ್ತು.